ಬುದ್ಧ ನೀರು ಸುರಿದ, ಆನಂದ ಮೈ ತೊಳೆದ

ಬೆಂಗಳೂರು

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನೀನು ಕಳಿಸಿದ ಉದ್ದನೆಯ ವಾಯ್ಸ್ ಮೆಸೇಜ್ ಕೇಳಿದೆ. ಫೋನಿನಲ್ಲೇ ಉತ್ತರ ಹೇಳಬಹುದಿತ್ತು. ಆದರೆ ಡ್ಯೂಟಿಯ ನಡುವೆ ಅರ್ಧ ಕಿವಿಗೊಟ್ಟು "ಹ್ಞೂಂ ದೊಡ್ಡಮ್ಮ, ಆಮೇಲೆ ಮಾಡ್ತೀನಿ" ಅಂದುಬಿಡುತ್ತೀಯ. ಕಾಗದವಾದರೆ ಬ್ಯಾಗಿನಲ್ಲಿ ಇರುತ್ತದೆ, ಬೇಕೆನಿಸಿದಾಗ ತೆಗೆದು ಓದಬಹುದು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನೀನು ಕೇಳಿದ್ದು ಎರಡು ಮಾತು. ಕಲಬುರಗಿಯ ಆಸ್ಪತ್ರೆಗೆ ಸೇರಿದ ಹೊಸದರಲ್ಲಿ ಯಾರ ಕಷ್ಟ ನೋಡಿದರೂ ಕಣ್ಣು ತುಂಬುತ್ತಿತ್ತು, ಈಗ ಏನೂ ಅನ್ನಿಸುವುದಿಲ್ಲ, ನನ್ನ ಮನಸ್ಸು ಕಲ್ಲಾಯಿತೇ ಎನ್ನುವುದು ಒಂದು. ಹತ್ತು ದಿನ ರಜೆ ಹಾಕಿ ವಿಪಸ್ಸನ ಶಿಬಿರಕ್ಕೆ ಹೋದರೆ ಮೊದಲಿನ ಕರುಣೆ ಮತ್ತೆ ಬರುತ್ತದೆಯೇ ಎನ್ನುವುದು ಇನ್ನೊಂದು.

ಎರಡನೆಯದನ್ನು ಮೊದಲು ಮುಗಿಸಿಬಿಡುತ್ತೇನೆ. ರಜೆ ಸಿಕ್ಕರೆ ಖಂಡಿತ ಹೋಗು. ಇಲ್ಲೇ ಬೆಂಗಳೂರಿನ ಹೊರಗೆ ಆಲೂರಿನ ಹತ್ತಿರ ಧಮ್ಮ ಪಫುಲ್ಲ ಕೇಂದ್ರವಿದೆ. ಎಸ್.ಎನ್. ಗೋಯೆಂಕಾ ಅವರು ಕಲಿಸಿದ ಕ್ರಮದಲ್ಲಿ 10 ದಿನಗಳ ಶಿಬಿರ ನಡೆಯುತ್ತದೆ. ಶುಲ್ಕವಿಲ್ಲ. ಬೆಳಗಿನ ಜಾವ 4ಕ್ಕೆ ಗಂಟೆ ಬಾರಿಸಿ ಎಬ್ಬಿಸುತ್ತಾರೆ, ಮಾತಿಲ್ಲ, ಫೋನಿಲ್ಲ. ಮನಸ್ಸನ್ನು ಹದಕ್ಕೆ ತರಲು ಅದು ಒಳ್ಳೆಯ ಜಾಗ. ಆದರೆ ಶಿಬಿರ ಮುಗಿದ ಮಾರನೆಯ ದಿನ ನೀನು ಬರುವುದು ಅದೇ ವಾರ್ಡಿಗೆ, ಅದೇ ಫಿನಾಯಿಲ್ ವಾಸನೆಗೆ, ಒಬ್ಬಳೇ ನಲವತ್ತು ಹಾಸಿಗೆ ನೋಡಿಕೊಳ್ಳಬೇಕಾದ ಅದೇ ನೈಟ್ ಡ್ಯೂಟಿಗೆ. ಶಿಬಿರದಲ್ಲಿ ಕಲಿತದ್ದು ಅಲ್ಲಿ ಕೆಲಸಕ್ಕೆ ಬರಬೇಕಾದರೆ, ವಾರ್ಡಿನ ಕೆಲಸವೇ ಸಾಧನೆಯಾಗುವುದು ಹೇಗೆ ಎಂದು ನಿನಗೆ ಗೊತ್ತಿರಬೇಕು. ಈ ಕಾಗದದ ತುಂಬ ನಾನು ಹೇಳಹೊರಟಿರುವುದು ಅದನ್ನೇ.

ನಿನ್ನ ಮೊದಲನೆಯ ಮಾತಿಗೆ ಬರುತ್ತೇನೆ. ಕಣ್ಣೀರು ನಿಂತಿದ್ದಕ್ಕೆ ಕರುಣೆ ಬತ್ತಿತು ಎಂದು ನೀನು ಹೆದರಿದ್ದೀಯ. ನನಗೆ ಹಾಗನ್ನಿಸುವುದಿಲ್ಲ. ವಿನಯಪಿಟಕದ ಮಹಾವಗ್ಗದಲ್ಲಿ ಒಂದು ಪ್ರಸಂಗ ಬರುತ್ತದೆ, ಗಮನವಿಟ್ಟು ಓದು. ಬುದ್ಧ ತನ್ನ ಶಿಷ್ಯ ಆನಂದನನ್ನು ಕರೆದುಕೊಂಡು ಭಿಕ್ಷುಗಳ ವಸತಿಗಳನ್ನು ನೋಡುತ್ತ ಹೊರಟಿದ್ದಾನೆ. ಒಂದು ಕಡೆ ಒಬ್ಬ ಭಿಕ್ಷು ಹೊಟ್ಟೆ ಕೆಟ್ಟು, ತನ್ನ ಮಲಮೂತ್ರದಲ್ಲೇ ಹೊರಳಾಡುತ್ತ ಬಿದ್ದಿದ್ದಾನೆ. ಏನಾಗಿದೆ ಎಂದು ಬುದ್ಧ ಕೇಳುತ್ತಾನೆ. ಹೊಟ್ಟೆಯ ಬೇನೆ ಎನ್ನುತ್ತಾನೆ ಅವನು. ನೋಡಿಕೊಳ್ಳಲು ಯಾರೂ ಇಲ್ಲವೇ? ಇಲ್ಲ. ಯಾಕಿಲ್ಲ? ನಾನು ಉಳಿದ ಭಿಕ್ಷುಗಳಿಗೆ ಯಾವ ಉಪಕಾರವನ್ನೂ ಮಾಡಿದವನಲ್ಲ, ಅದಕ್ಕೇ ಅವರು ನನ್ನನ್ನು ನೋಡುವುದಿಲ್ಲ ಎನ್ನುತ್ತಾನೆ. ಬುದ್ಧ ಅಲ್ಲಿ ಧರ್ಮದ ಮಾತು ಒಂದನ್ನೂ ಆಡುವುದಿಲ್ಲ. ನೀರು ತಾ ಎಂದು ಆನಂದನನ್ನು ಕಳಿಸುತ್ತಾನೆ. ಬುದ್ಧ ನೀರು ಸುರಿಯುತ್ತಾನೆ, ಆನಂದ ಮೈ ತೊಳೆಯುತ್ತಾನೆ. ಆಮೇಲೆ ಬುದ್ಧ ತಲೆಯ ಕಡೆ, ಆನಂದ ಕಾಲಿನ ಕಡೆ ಹಿಡಿದು ಎತ್ತಿ ಮಂಚದ ಮೇಲೆ ಮಲಗಿಸುತ್ತಾರೆ. ಇದೆಲ್ಲ ಆದ ಮೇಲೆಯೇ ಸಂಘವನ್ನು ಕರೆದು ಮಾತಾಡುವುದು. ನಿಮಗೆ ಇಲ್ಲಿ ತಾಯಿಯಿಲ್ಲ, ತಂದೆಯಿಲ್ಲ. ಒಬ್ಬರನ್ನೊಬ್ಬರು ನೋಡಿಕೊಳ್ಳದಿದ್ದರೆ ಇನ್ನು ಯಾರು ನೋಡಿಕೊಳ್ಳಬೇಕು ಎಂದು ಕೇಳುತ್ತಾನೆ. ನನ್ನ ಸೇವೆ ಮಾಡಬೇಕೆನ್ನುವವರು ಕಾಯಿಲೆಯವರ ಸೇವೆ ಮಾಡಲಿ ಎಂಬ ಅರ್ಥದ ಮಾತು ಹುಟ್ಟಿದ್ದು ಆ ಹೊತ್ತಿನಲ್ಲಿ.

ನೋಡು ಪುಟ್ಟಿ, ಬುದ್ಧ ಅತ್ತ ಎಂದು ಅಲ್ಲಿ ಬರೆದಿಲ್ಲ, ಮರುಗಿದ ಎಂದೂ ಬರೆದಿಲ್ಲ. ಯಾರು ತಲೆ ಹಿಡಿದರು, ಯಾರು ಕಾಲು ಹಿಡಿದರು ಎನ್ನುವುದನ್ನು ಮಾತ್ರ ಬರೆದಿಟ್ಟಿದ್ದಾರೆ. ಎದ್ದು ಕೂರಲಾಗದ ರೋಗಿಯನ್ನು ಇಬ್ಬರು ಸೇರಿ ಎತ್ತಿದ ಅನುಭವ ಇರುವವರಿಗೆ ಆ ವಿವರದ ಬೆಲೆ ಗೊತ್ತು. ಇನ್ನೊಂದು ವಿಷಯ: ಈ ಕಥೆ ಇರುವುದು ಉಪದೇಶಗಳ ನಡುವೆ ಅಲ್ಲ, ನಿಯಮಗಳ ಗ್ರಂಥದಲ್ಲಿ. ಗುರುವಿಗೆ ಕಾಯಿಲೆಯಾದರೆ ಶಿಷ್ಯ, ಶಿಷ್ಯನಿಗಾದರೆ ಗುರು, ಇಬ್ಬರೂ ಇಲ್ಲದಿದ್ದರೆ ಇಡೀ ಸಂಘ ನೋಡಿಕೊಳ್ಳಬೇಕು, ನೋಡದಿದ್ದರೆ ಅದು ತಪ್ಪು ಎಂದು ಅದೇ ಕಡೆ ವಿಧಿಸಿದ್ದಾರೆ. ಮನಸ್ಸು ಕರಗಿದ ದಿನ ಮಾಡು, ಕರಗದ ದಿನ ಬಿಡು ಎಂದು ಬಿಟ್ಟಿಲ್ಲ. ಕನಿಕರ ಉಕ್ಕಲಿ, ಉಕ್ಕದಿರಲಿ, ರೋಗಿಯ ಮೈ ತೊಳೆಯಬೇಕು. ನಿನ್ನ ಕಣ್ಣು ಒಣಗಿದ್ದರೂ ಕೈ ಕೆಲಸ ಬಿಟ್ಟಿಲ್ಲವಲ್ಲ, ಅದನ್ನು ನೀನು ಲೆಕ್ಕಕ್ಕೇ ಹಿಡಿದಿಲ್ಲ.

ಅದೇ ಪ್ರಸಂಗದ ಮುಂದುವರಿಕೆಯಾಗಿ ರೋಗಿಯನ್ನು ನೋಡಿಕೊಳ್ಳುವವರಿಗೆ ಇರಬೇಕಾದ ಗುಣಗಳು ಬರುತ್ತವೆ. ಔಷಧ ಸಿದ್ಧಮಾಡಲು ಗೊತ್ತಿರಬೇಕು. ರೋಗಿಗೆ ಯಾವುದು ಒಗ್ಗುತ್ತದೆ, ಯಾವುದು ಒಗ್ಗುವುದಿಲ್ಲ ಎಂದು ತಿಳಿದು, ಒಗ್ಗುವುದನ್ನು ಕೊಟ್ಟು ಒಗ್ಗದ್ದನ್ನು ದೂರ ಇಡಬೇಕು. ಲಾಭಕ್ಕಾಗಿ ಮಾಡದೆ ಮೈತ್ರಿಯ ಮನಸ್ಸಿನಿಂದ ಮಾಡಬೇಕು. ಮಲ, ಮೂತ್ರ, ಉಗುಳು, ವಾಂತಿ ತೆಗೆಯಲು ಹೇಸಬಾರದು. ಆಗಾಗ ಒಳ್ಳೆಯ ಮಾತಾಡಿ ರೋಗಿಗೆ ಧೈರ್ಯ ತುಂಬಬೇಕು. ಪಟ್ಟಿಯಲ್ಲಿ ಮೊದಲು ಬರುವುದೇ ಔಷಧದ ತಿಳಿವಳಿಕೆ ಎಂಬುದು ನನಗೆ ಬಹಳ ಹಿಡಿಸಿದೆ. ಕೆಲಸ ಬಾರದವರ ಕರುಣೆಯಿಂದ ರೋಗಿಗೆ ಉಪದ್ರವವೇ ಹೆಚ್ಚು. ಡೋಸ್ ಲೆಕ್ಕ ಹಾಕಲು ಬರಬೇಕು, ಒಂದೇ ಸಲಕ್ಕೆ ನರ ಹಿಡಿದು ಕ್ಯಾನುಲಾ ಹಾಕಲು ಬರಬೇಕು. ನಾಲ್ಕು ಕಡೆ ಚುಚ್ಚಿ "ಪಾಪ, ಅಜ್ಜಿ" ಅಂದರೆ ಅಜ್ಜಿಗೇನು ಬಂತು? ಬುದ್ಧ ರೋಗಿಗಳಿಗೂ ಬುದ್ಧಿ ಹೇಳಿದ್ದಾನೆ ಅನ್ನು. ಔಷಧ ತೆಗೆದುಕೊಳ್ಳದವನು, ಪಥ್ಯದ ಮಿತಿ ತಿಳಿಯದವನು, ನೋವು ಹೆಚ್ಚಾಯಿತೋ ಕಡಿಮೆಯಾಯಿತೋ ಸರಿಯಾಗಿ ಹೇಳದವನು, ಇಂಥವರನ್ನು ನೋಡಿಕೊಳ್ಳುವುದು ಕಷ್ಟ ಎಂದು ಅಲ್ಲೇ ಒಪ್ಪಿಕೊಂಡಿದ್ದಾನೆ. ಅದನ್ನು ಓದಿದಾಗ, ನಮ್ಮ ಕಷ್ಟ ಬಲ್ಲವನೊಬ್ಬ ಅಷ್ಟು ಹಿಂದೆಯೇ ಇದ್ದ ಎಂದು ಸಮಾಧಾನವಾಗುತ್ತದೆ.

ಈಗ ಸಾಧನೆಯ ಮಾತು. ಬುದ್ಧನ ಉಪದೇಶವಾದ ಸತಿಪಟ್ಠಾನ ಸುತ್ತ ಎಂದೊಡನೆ ಎಲ್ಲರಿಗೂ ನೆನಪಾಗುವುದು ಉಸಿರಿನ ಮೇಲಿನ ಗಮನ. ಆದರೆ ಅದೇ ಸುತ್ತದಲ್ಲಿ ನಡೆಯುವಾಗ, ಬಗ್ಗುವಾಗ, ಕೈಕಾಲು ಚಾಚುವಾಗ, ಉಣ್ಣುವಾಗ, ಮಲಮೂತ್ರ ವಿಸರ್ಜಿಸುವಾಗಲೂ ಎಚ್ಚರವಿರಲಿ ಎಂದಿದೆ. ನಿನ್ನ ಎಂಟು ಗಂಟೆಯ ಡ್ಯೂಟಿಯಲ್ಲಿ ಬಗ್ಗುವುದು, ಚಾಚುವುದು, ಬೆಡ್‌ಪ್ಯಾನ್ ಇಡುವುದು, ಇದಲ್ಲದೆ ಬೇರೇನಿದೆ? ಅಲ್ಲಿಂದಲೇ ಶುರುಮಾಡು. ಹಾಸಿಗೆ ಹಿಡಿದವರಿಗೆ ಮೈ ಒರೆಸುವ ಕೆಲಸವನ್ನೇ ತೆಗೆದುಕೋ. ಬಕೆಟ್ಟಿನ ನೀರು ಎಷ್ಟು ಬಿಸಿಯಿದೆ ಎಂದು ನಿನ್ನ ಮಣಿಕಟ್ಟಿನ ಒಳಬದಿಗೆ ಸೋಕಿಸಿ ನೋಡು. ಪರದೆ ಎಳೆ. ಮುಟ್ಟುವ ಮುಂಚೆ ಹೇಳು: "ಅಜ್ಜಾ, ಈಗ ಬೆನ್ನು ಒರೆಸ್ತೀನಿ, ಸ್ವಲ್ಪ ತಣ್ಣಗಾಗ್ತದೆ." ಪ್ರಜ್ಞೆ ಇಲ್ಲದವರಿಗೂ ಹೇಳು. ಕಣ್ಣಿನ ಒಳಮೂಲೆಯಿಂದ ಹೊರಮೂಲೆಗೆ ಒರೆಸು. ಕಿವಿಯ ಹಿಂದೆ, ಕಂಕುಳು, ಬೆರಳ ಸಂದು, ಯಾವುದನ್ನೂ ಹಾರಿಸಬೇಡ. ಮಗ್ಗುಲಿಗೆ ಹೊರಳಿಸಿದಾಗ ಸೊಂಟದ ಕೆಳಗಿನ ಮೂಳೆ, ಹಿಮ್ಮಡಿ, ಭುಜದ ಹಲಗೆಯ ಜಾಗ ನೋಡು. ಅಲ್ಲಿ ಚರ್ಮ ಕೆಂಪಾಗಿ, ಬೆರಳಿನಿಂದ ಒತ್ತಿದರೂ ಬಿಳಿಚದಿದ್ದರೆ ಬೆಡ್‌ಸೋರ್ ಶುರುವಾಗಿದೆ ಎಂದೇ ಅರ್ಥ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂದು ಕಾಲೇಜಿನಲ್ಲಿ ಕಲಿತದ್ದು ನಿನಗೆ ಗೊತ್ತೇ ಇದೆ. ಮನಸ್ಸು ಬೇರೆ ಕಡೆ ಇದ್ದರೆ ಆ ಕೆಂಪು ಕಣ್ಣಿಗೆ ಬೀಳುವುದಿಲ್ಲ. ಒಂದು ವಾರ ತಡವಾದರೆ ಮಾಂಸ ಕೊಳೆತು ಮೂಳೆ ಕಾಣುವ ಹುಣ್ಣಾಗಬಹುದು. ನೀನು ಗಮನವಿಟ್ಟು ನೋಡಿದರೆ ಒಂದು ಜೀವದ ಆ ನೋವು ತಪ್ಪುತ್ತದೆ. ಆ ಹೊತ್ತಿನಲ್ಲಿ ನಿನಗೆ ಅಳು ಬಂತೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ.

ಧ್ಯಾನಕ್ಕೆ ಸಮಯವಿಲ್ಲ ಎಂದೆಯಲ್ಲ. ಕೈ ತೊಳೆಯುವುದಕ್ಕೆ ಸಮಯ ಇದ್ದೇ ಇರಬೇಕು. ಸೋಪು ಹಾಕಿ ತೊಳೆಯಲು 40ರಿಂದ 60 ಸೆಕೆಂಡ್, ಹ್ಯಾಂಡ್ ರಬ್ ಆದರೆ 20ರಿಂದ 30 ಸೆಕೆಂಡ್ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿರುವುದನ್ನು ನಿಮ್ಮ ಸಿಂಕಿನ ಮೇಲೆ ಅಂಟಿಸಿರುತ್ತಾರೆ. ಒಬ್ಬ ರೋಗಿಯಿಂದ ಇನ್ನೊಬ್ಬರ ಹತ್ತಿರ ಹೋಗುವ ಮುಂಚೆ ಸಿಗುವ ಆ ಅರ್ಧ ನಿಮಿಷ, ಒಂದು ನಿಮಿಷವೇ ನಿನ್ನ ಧ್ಯಾನದ ಹೊತ್ತು. ನೀರಿನ ತಣ್ಣನೆಯ ಸ್ಪರ್ಶದ ಮೇಲೆ ಮನಸ್ಸಿಡು. ಹಿಂದಿನ ರೋಗಿಯ ಯೋಚನೆಯನ್ನು ಅಲ್ಲಿಗೆ ಬಿಡು. ಮುಂದಿನವರ ಮುಖ ನೆನೆದು, ಇವರಿಗೆ ಸುಖವಾಗಲಿ, ನೋವು ಇಳಿಯಲಿ ಎಂದುಕೋ. ಮೈತ್ರೀ ಭಾವನೆಯನ್ನು ಬೆಳೆಸುವ ಕ್ರಮವನ್ನು ಬುದ್ಧಘೋಷ ವಿಸುದ್ಧಿಮಗ್ಗದಲ್ಲಿ ವಿವರವಾಗಿ ಹೇಳಿದ್ದಾನೆ. 5ನೇ ಶತಮಾನದಲ್ಲಿ ಸಿಂಹಳದಲ್ಲಿ ಕೂತು ಬರೆದ ಗ್ರಂಥ ಅದು. ಮೊದಲು ತನಗೆ ಹಿತ ಬಯಸಬೇಕು, ಆಮೇಲೆ ಗೌರವದ ಹಿರಿಯರಿಗೆ, ಪ್ರಿಯರಿಗೆ, ಆಮೇಲೆ ಇಷ್ಟವೂ ಇಲ್ಲದ ದ್ವೇಷವೂ ಇಲ್ಲದ ಮೂರನೆಯವರಿಗೆ, ಕೊನೆಗೆ ಹಗೆಯವರಿಗೆ. ನಿನಗೆ ಆ ಮೂರನೆಯವರ ಬರ ಇಲ್ಲ. ಹೆಸರೂ ನೆನಪಿರದ, "ಹದಿನೇಳನೇ ಬೆಡ್" ಎಂದು ಕರೆಯುವ ಎಲ್ಲರೂ ಅವರೇ. ನಾಳೆಯಿಂದ ಬೆಡ್ ನಂಬರ್ ಜೊತೆ ಹೆಸರನ್ನೂ ಹೇಳುವ ರೂಢಿ ಮಾಡಿಕೋ. ಹ್ಯಾಂಡ್‌ಓವರ್ ಕೊಡುವಾಗಲೂ ಹಾಗೆಯೇ ಹೇಳು.

ವಿಸುದ್ಧಿಮಗ್ಗದಲ್ಲಿ ಇನ್ನೂ ಒಂದು ಮಾತಿದೆ, ನಿನ್ನ ಪ್ರಶ್ನೆಗೆ ನೇರವಾಗಿ ತಗಲುವಂಥದ್ದು. ಮೈತ್ರಿ, ಕರುಣೆ, ಮುದಿತೆ, ಉಪೇಕ್ಷೆ ಈ ನಾಲ್ಕಕ್ಕೂ ದೂರದ ಶತ್ರು ಒಂದು, ಹತ್ತಿರದ ಶತ್ರು ಒಂದು ಇದೆ ಎನ್ನುತ್ತಾನೆ ಬುದ್ಧಘೋಷ. ದೂರದ ಶತ್ರುವನ್ನು ಗುರುತಿಸುವುದು ಸುಲಭ. ಕರುಣೆಗೆ ದೂರದ ಶತ್ರು ಕ್ರೌರ್ಯ. ಹತ್ತಿರದ ಶತ್ರು ಕರುಣೆಯ ವೇಷದಲ್ಲೇ ಪಕ್ಕದಲ್ಲಿ ಕೂತಿರುತ್ತದೆ, ಅದು ಶೋಕ. ಇನ್ನೊಬ್ಬರ ನೋವು ನೋಡಿ ನಾವೇ ಕುಸಿದುಹೋಗುವುದು. ಸೇರಿದ ಹೊಸದರಲ್ಲಿ ನಿನಗೆ ಆಗುತ್ತಿದ್ದುದು ಬಹುಮಟ್ಟಿಗೆ ಅದೇ. ನೀನು ಊಟ ಬಿಟ್ಟೆ, ನಿದ್ದೆ ಬಿಟ್ಟೆ, ನಿನ್ನಮ್ಮ ಗಾಬರಿಯಾಗಿ ನನಗೆ ಫೋನ್ ಮಾಡಿದಳು. ಅದು ನಿಂತಿದ್ದಕ್ಕೆ ದುಃಖಪಡಬೇಡ. ಉಪೇಕ್ಷೆಗೂ, ಅಂದರೆ ಅಲುಗದ ಸಮಚಿತ್ತಕ್ಕೂ, ಹತ್ತಿರದ ಶತ್ರುವಿದೆ, ಅದು ಅರಿವಿಲ್ಲದ ಉದಾಸೀನ. ಎಚ್ಚರ ಬೇಕಾದದ್ದು ಇಲ್ಲಿ. ನೋವನ್ನು ನೋಡಿಯೂ ಅಲುಗದೆ ಕೆಲಸ ಮಾಡುವವರು ಇದ್ದಾರೆ, ನೋವನ್ನು ನೋಡುವುದನ್ನೇ ಬಿಟ್ಟವರೂ ಇದ್ದಾರೆ. ಹೊರಗಿನಿಂದ ಇಬ್ಬರ ಮುಖವೂ ಒಂದೇ ಥರ ಕಾಣುತ್ತದೆ. ರೋಗಿ ಕರೆದಾಗ ತಲೆಯೆತ್ತಿ ಅವರ ಮುಖ ನೋಡುತ್ತೀಯಾ? ನೋಡುತ್ತಿದ್ದರೆ ನೀನು ಕಲ್ಲಾಗಿಲ್ಲ. ಕೇಸ್ ಶೀಟಿನಿಂದ ಕಣ್ಣೆತ್ತದೆ "ಏನು?" ಅನ್ನುತ್ತಿದ್ದರೆ, ಆಗ ಯೋಚನೆ ಮಾಡಬೇಕು.

ನಾನು ಕೆಲಸ ಮಾಡುತ್ತಿದ್ದ ಕಾಲದ ಒಬ್ಬ ಆಯಾ ನೆನಪಾಗುತ್ತಾರೆ. ಸುಟ್ಟಗಾಯದ ವಾರ್ಡು. ಬರುತ್ತಿದ್ದವರಲ್ಲಿ ಹೊಸದಾಗಿ ಮದುವೆಯಾದ ಹುಡುಗಿಯರೇ ಹೆಚ್ಚು. ಜೊತೆಗೆ ಬಂದವರು "ಸ್ಟೌ ಸಿಡೀತು" ಎನ್ನುತ್ತಿದ್ದರು. ಕೆಲವು ಸಲ ಹುಡುಗಿಯ ಕಣ್ಣು ಬೇರೆಯೇ ಹೇಳುತ್ತಿತ್ತು. ಆ ಆಯಾ ಓದುಬರಹ ಕಲಿತವರಲ್ಲ, ಬುದ್ಧನ ಕಥೆ ಕೇಳಿದವರೂ ಅಲ್ಲ. ಡ್ರೆಸ್ಸಿಂಗ್ ಬಿಚ್ಚುವ ಹೊತ್ತಿಗೆ ಸರಿಯಾಗಿ ಬಂದು ಹುಡುಗಿಯ ತಲೆಯ ಹತ್ತಿರ ನಿಲ್ಲುತ್ತಿದ್ದರು. ಮೈಯಲ್ಲಿ ಸುಡದೆ ಉಳಿದ ಒಂದು ಅಂಗೈಯಗಲ ಜಾಗ ಹುಡುಕಿ, ಹಣೆಯೋ ಪಾದವೋ, ಅಲ್ಲಿ ಕೈಯಿಡುತ್ತಿದ್ದರು. ಹತ್ತಿಯನ್ನು ನೀರಲ್ಲಿ ಅದ್ದಿ ತುಟಿ ಒದ್ದೆ ಮಾಡುತ್ತಿದ್ದರು. "ನಿಮ್ಮೂರ ಕೆರೇಲಿ ಈ ಸಲ ನೀರು ಬಂದಿತ್ತಾ ತಾಯಿ? ನಿಮ್ಮನೇಲಿ ಎಮ್ಮೆ ಎಷ್ಟು?" ಎಂದು ಕೇಳುತ್ತಿದ್ದರು. ಹುಡುಗಿ ಉತ್ತರ ಹೇಳುವಷ್ಟರಲ್ಲಿ ಒಂದು ಪಟ್ಟಿ ಬಿಚ್ಚಿಯಾಗುತ್ತಿತ್ತು. ಆಯಾ ಅಳುತ್ತಿದ್ದುದನ್ನು ನಾನು ನೋಡಿಲ್ಲ. ಡ್ಯೂಟಿ ಮುಗಿದೊಡನೆ ಕೈಕಾಲು ತೊಳೆದು, ಎಲೆಯಡಿಕೆ ಹಾಕಿಕೊಂಡು, ಹರಟುತ್ತ ಬಸ್‌ಸ್ಟಾಪಿಗೆ ಹೋಗುತ್ತಿದ್ದರು. ಮಾರನೆಯ ದಿನ ಮತ್ತೆ ಅದೇ ತಲೆಯ ಹತ್ತಿರ ನಿಲ್ಲುತ್ತಿದ್ದರು. ರೋಗಿಗೆ ಒಳ್ಳೆಯ ಮಾತಾಡಿ ಧೈರ್ಯ ತುಂಬಬೇಕು ಎಂಬ ಐದನೆಯ ಗುಣವನ್ನು ನಾನು ಕಲಿತದ್ದು ಅವರಿಂದ.

ಆ ದಿನಗಳಲ್ಲೇ ನಾನು ಗಾಂಧಿನಗರದ ಮಹಾಬೋಧಿ ಸೊಸೈಟಿಗೆ ಹೋಗಲು ಶುರುಮಾಡಿದ್ದು. ಆಚಾರ್ಯ ಬುದ್ಧರಕ್ಖಿತರು 1956ರಲ್ಲಿ ಕಟ್ಟಿದ ಸಂಸ್ಥೆ. ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಿಭಾಗಕ್ಕೆ ಮಹಾಬೋಧಿ ಎಂಬ ಹೆಸರಿರುವುದು ಅವರ ಸಂಸ್ಥೆಯ ಸೇವೆಯಿಂದಲೇ. ಧ್ಯಾನ ಮತ್ತು ಡ್ರೆಸ್ಸಿಂಗ್ ಟ್ರೇ ಎರಡೂ ಒಂದೇ ದಾರಿಯವು ಎಂದು ಅಲ್ಲಿ ಯಾರೂ ನನಗೆ ಭಾಷಣ ಮಾಡಿ ಹೇಳಬೇಕಾಗಲಿಲ್ಲ.

ಇನ್ನು ನಿನ್ನ ಆರೋಗ್ಯದ ವಿಚಾರ. ಇದನ್ನು ಬೈಗುಳ ಎಂದುಕೊಂಡರೂ ಸರಿ. ಸಂಯುತ್ತ ನಿಕಾಯದಲ್ಲಿ ಸೇದಕ ಎಂಬ ಊರಿನಲ್ಲಿ ಬುದ್ಧ ಹೇಳಿದ ಕಥೆಯೊಂದಿದೆ. ನಮ್ಮ ಕಡೆ ಜಾತ್ರೆಗಳಲ್ಲಿ ದೊಂಬರಾಟದವರು ಗಣೆ ಹತ್ತುವುದನ್ನು ಚಿಕ್ಕವಳಿದ್ದಾಗ ನೋಡಿದ್ದೀಯಲ್ಲ, ಅಂಥದೇ ಆಟದವನೊಬ್ಬ ಬಿದಿರ ಗಣೆ ನಿಲ್ಲಿಸಿ, ಶಿಷ್ಯನನ್ನು ತನ್ನ ಹೆಗಲ ಮೇಲೆ ಹತ್ತಿಸಿಕೊಳ್ಳುತ್ತಾನೆ. ನೀನು ನನ್ನನ್ನು ಕಾಪಾಡು, ನಾನು ನಿನ್ನನ್ನು ಕಾಪಾಡುತ್ತೇನೆ, ಆಟ ತೋರಿಸಿ ಕಾಸು ಗಳಿಸಿ ಕ್ಷೇಮವಾಗಿ ಇಳಿಯೋಣ ಎನ್ನುತ್ತಾನೆ ಗುರು. ಶಿಷ್ಯ ಒಪ್ಪುವುದಿಲ್ಲ. ಹಾಗಾಗುವುದಿಲ್ಲ ಗುರುಗಳೇ, ನಿಮ್ಮನ್ನು ನೀವು ನೋಡಿಕೊಳ್ಳಿ, ನನ್ನನ್ನು ನಾನು ನೋಡಿಕೊಳ್ಳುತ್ತೇನೆ, ಆಗಲೇ ಇಬ್ಬರೂ ಕ್ಷೇಮ ಎನ್ನುತ್ತಾನೆ. ಶಿಷ್ಯ ಹೇಳಿದ್ದೇ ಸರಿ ಎಂದು ಬುದ್ಧನ ತೀರ್ಪು. ಆದರೆ ಅಲ್ಲಿಗೇ ನಿಲ್ಲಿಸದೆ ಅದರ ಇನ್ನೊಂದು ಮಗ್ಗುಲನ್ನೂ ಹೇಳುತ್ತಾನೆ: ತಾಳ್ಮೆಯಿಂದ, ಅಹಿಂಸೆಯಿಂದ, ಮೈತ್ರಿಯಿಂದ ಇನ್ನೊಬ್ಬರನ್ನು ಕಾಯುವವರು ತಮ್ಮನ್ನೂ ಕಾದುಕೊಳ್ಳುತ್ತಾರೆ. ಗಣೆಯ ಮೇಲೆ ನಿಂತವಳು ನೀನು. ನಿದ್ದೆಗೆಟ್ಟು ತಲೆ ತಿರುಗಿದರೆ ನೀನೊಬ್ಬಳೇ ಬೀಳುವುದಿಲ್ಲ. ನಿದ್ದೆಗಣ್ಣಲ್ಲಿ ಇನ್ಸುಲಿನ್ ಸಿರಿಂಜ್ ಎಳೆಯುವ ನರ್ಸಿನ ಕೈಗೆ ನಿನ್ನ ಅಪ್ಪನನ್ನು ಒಪ್ಪಿಸುತ್ತೀಯಾ?

ಹಾಗಾಗಿ ಡಬಲ್ ಡ್ಯೂಟಿಗೆ ಪ್ರತಿ ಸಲ ತಲೆಯಾಡಿಸಬೇಡ. ಜನ ಕಡಿಮೆ ಇದ್ದಾರೆ ಎನ್ನುವುದು ನಿಜ. ಆದರೆ ಅದನ್ನು ನಿನ್ನೊಬ್ಬಳ ನಿದ್ದೆಯಿಂದ ತುಂಬಿಸಲಾಗದು. ಇನ್‌ಚಾರ್ಜ್ ಸಿಸ್ಟರ್‌ಗೆ ಮರ್ಯಾದೆಯಿಂದ, ಬಾಯಿಮಾತಿನಲ್ಲಿ ಅಲ್ಲ, ಬರೆದು ಕೊಡು. ಒಬ್ಬಳೇ ಬೇಡ, ಜೊತೆಯವರೆಲ್ಲ ಸಹಿ ಹಾಕಿ ಕೊಡಿ. ಇದನ್ನು ಸ್ವಾರ್ಥ ಎಂದುಕೊಳ್ಳಬೇಡ.

ರೋಗಿಯ ಕಡೆಯವರು ಬೈಯುತ್ತಾರೆ ಎಂದೆ. ಬೈಯುತ್ತಾರೆ. ಐಸಿಯು ಹೊರಗೆ ಮೂರು ದಿನದಿಂದ ಪೇಪರ್ ಹಾಸಿಕೊಂಡು ಮಲಗಿದ, ಸ್ಕ್ಯಾನಿಂಗಿಗೆ ಎಲ್ಲಿಂದ ದುಡ್ಡು ತರಲಿ ಎಂದು ತಲೆ ಕೆಟ್ಟ ಮನುಷ್ಯನಿಗೆ ಕೈಗೆ ಸಿಗುವವಳು ನೀನೊಬ್ಬಳೇ. ಡಾಕ್ಟರು ರೌಂಡ್ಸ್ ಮುಗಿಸಿ ಹೋಗಿರುತ್ತಾರೆ. ಮಾತು ಒಳ್ಳೆಯ ಮಾತಾಗಬೇಕಾದರೆ ಹೊತ್ತು ನೋಡಿ ಆಡಿರಬೇಕು, ನಿಜವಾಗಿರಬೇಕು, ಮೃದುವಾಗಿರಬೇಕು, ಪ್ರಯೋಜನವಿರಬೇಕು, ಹಿತ ಬಯಸುವ ಮನಸ್ಸಿನಿಂದ ಬಂದಿರಬೇಕು ಎಂದು ಬುದ್ಧ ಐದು ಲಕ್ಷಣ ಹೇಳಿದ್ದಾನೆ. ಇವುಗಳಲ್ಲಿ ಹೊತ್ತು ನೋಡುವುದೇ ಎಲ್ಲಕ್ಕಿಂತ ಕಷ್ಟ. ವರಾಂಡದಲ್ಲಿ ನಿಂತು ಹತ್ತು ಜನರೆದುರು "ಹೇಳೋಕಾಗಲ್ಲ, ಸೀರಿಯಸ್ ಇದೆ" ಎಂದರೆ ನಿಜ ಹೇಳಿದಂತಾಯಿತು, ಅಷ್ಟೇ. ಪಕ್ಕಕ್ಕೆ ಕರೆದು, ಕೂರಿಸಿ, ಬಿಪಿ ಎಷ್ಟಿದೆ, ಯಾವ ಔಷಧ ಹೋಗುತ್ತಿದೆ, ಡಾಕ್ಟರು ಎಷ್ಟು ಹೊತ್ತಿಗೆ ಸಿಗುತ್ತಾರೆ ಎಂದು ನಿನಗೆ ಗೊತ್ತಿರುವಷ್ಟನ್ನು ಹೇಳು. ಎರಡು ನಿಮಿಷದ ಕೆಲಸ. ಆದರೆ ಕೈ ಎತ್ತಲು ಬಂದರೆ, ಬಾಯಿಗೆ ಬಂದಂತೆ ಬೈದರೆ ಸುಮ್ಮನೆ ಸಹಿಸಬೇಕಿಲ್ಲ. ಸೆಕ್ಯೂರಿಟಿಯನ್ನು ಕರೆ, ದೂರು ಬರೆದುಕೊಡು. ಕೆಟ್ಟ ಕೆಲಸಕ್ಕೆ ಅವನಿಗೆ ಅವಕಾಶ ಕೊಡದಿರುವುದೂ ಅವನ ಹಿತವೇ.

ಇನ್ನೊಂದು ಮಾತು ನೀನು ಹೇಳಿದ್ದು ನನ್ನ ಮನಸ್ಸಿನಲ್ಲಿ ಕೊರೆಯುತ್ತಿದೆ. ಮುದುಕಿಯೊಬ್ಬರು ನಿನ್ನನ್ನು "ನೀವು ಯಾವ ಪೈಕಿ?" ಎಂದು ಕೇಳಿ, ನಿನ್ನ ಜೊತೆಯ ಹುಡುಗಿಯ ಕೈಯ ನೀರು ಬೇಡ ಎಂದರಂತೆ. ನಿಮ್ಮ ಕಲಬುರಗಿಯ ಎಷ್ಟೋ ಮನೆಗಳಲ್ಲಿ ಬುದ್ಧನ ಪಕ್ಕದಲ್ಲೇ ಬಾಬಾಸಾಹೇಬ ಅಂಬೇಡ್ಕರರ ಫೋಟೋ ಇರುತ್ತದೆ, ನೋಡಿರುತ್ತೀಯ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅವರು ಲಕ್ಷಾಂತರ ಜನರೊಡನೆ ಧಮ್ಮ ಸ್ವೀಕರಿಸಿದ್ದು ಇಂಥ ಮಾತನ್ನು ಜೀವಮಾನವಿಡೀ ಕೇಳಿ. ಸಮಾನತೆಯಿಲ್ಲದ ಕಡೆ ಕರುಣೆಯ ಮಾತು ಭಿಕ್ಷೆ ನೀಡಿದ ಹಾಗಾಗುತ್ತದೆ. ಬೀದಿ ಗುಡಿಸುತ್ತಿದ್ದ ಸುನೀತನನ್ನು ಬುದ್ಧ ಸಂಘಕ್ಕೆ ಸೇರಿಸಿಕೊಂಡ. ಕ್ಷೌರಿಕನಾಗಿದ್ದ ಉಪಾಲಿಗೆ ಶಾಕ್ಯ ರಾಜಕುಮಾರರಿಗಿಂತ ಮೊದಲು ದೀಕ್ಷೆ ಸಿಕ್ಕಿತು, ಹಾಗಾಗಿ ಅವರೆಲ್ಲ ಅವನಿಗೆ ನಮಸ್ಕರಿಸಬೇಕಾಯಿತು. ಮುದುಕಿಯ ಜೊತೆ ಜಗಳವಾಡು ಎಂದು ಹೇಳುತ್ತಿಲ್ಲ, ಅವರಿಗೆ ಮೈಯಲ್ಲಿ ಜ್ವರವಿದೆ. ಆದರೆ ನೀರು ಕೊಡುವವರನ್ನು ಬದಲಿಸಬೇಡ. ಆ ಹುಡುಗಿಯೇ ಕೊಡಲಿ, ನೀನು ಪಕ್ಕದಲ್ಲಿ ನಿಂತಿರು. ಗ್ರೂಪ್ ಡಿ ನೌಕರರ ಜೊತೆಯೂ ಹೀಗೆಯೇ ಇರು. ಶಕ್ತಿಗೆ ತಕ್ಕಷ್ಟು ಕೆಲಸ, ಕಾಲಕ್ಕೆ ಸರಿಯಾಗಿ ಊಟ ಮತ್ತು ಕೂಲಿ, ಕಾಯಿಲೆಯಾದಾಗ ಆರೈಕೆ, ರುಚಿಯಾದದ್ದು ಬಂದರೆ ಅವರಿಗೂ ಪಾಲು, ಆಗಾಗ ಬಿಡುವು, ಕೆಲಸದವರಿಗೆ ಇವೆಲ್ಲ ಸಲ್ಲಬೇಕೆಂದು ಸಿಗಾಲೋವಾದ ಸುತ್ತದಲ್ಲಿದೆ. ಸಿಸ್ಟರ್‌ಗಳ ರೂಮಿಗೆ ಬಂದ ಮೈಸೂರುಪಾಕು ಗುಡಿಸುವ ಅಕ್ಕನ ತನಕ ಹೋಗುತ್ತದೆಯೇ ನೋಡಿಕೋ.

ನಿನ್ನ ಗೆಳತಿ ತಪ್ಪು ಇಂಜೆಕ್ಷನ್ ಕೊಟ್ಟು ಹೆದರಿ ಯಾರಿಗೂ ಹೇಳಿಲ್ಲ ಎಂದೆಯಲ್ಲ, ಅವಳಿಗೆ ರಾಹುಲನ ಕಥೆ ಹೇಳು. ಬುದ್ಧ ತನ್ನ ಮಗನಿಗೆ ಕಲಿಸಿದ ಪಾಠ ಅದು. ಸುಳ್ಳಿನ ವಿಷಯವಾಗಿ ರಾಹುಲನಿಗೆ ಹೇಳಿದ ಆ ಉಪದೇಶವನ್ನು ಎಲ್ಲರೂ ಕೇಳಿ ಮನನ ಮಾಡಬೇಕೆಂದು ಅಶೋಕ ಚಕ್ರವರ್ತಿಯೇ ಕಲ್ಲಿನಲ್ಲಿ ಕೆತ್ತಿಸಿದ್ದಾನೆ. ಕನ್ನಡಿಯಲ್ಲಿ ಮುಖ ನೋಡುವ ಹಾಗೆ ಕೆಲಸವನ್ನು ನೋಡು ಎನ್ನುತ್ತಾನೆ ಬುದ್ಧ. ಮಾಡುವ ಮುಂಚೆ, ಮಾಡುತ್ತಿರುವಾಗ, ಮಾಡಿದ ಮೇಲೆ, ಮೂರು ಸಲವೂ ಇದರಿಂದ ನನಗೆ ಅಥವಾ ಇನ್ನೊಬ್ಬರಿಗೆ ಕೇಡಿದೆಯೇ ಎಂದು ಕೇಳಿಕೋ. ಮಾಡಿದ ಮೇಲೆ ಕೇಡಾಯಿತು ಎಂದು ಕಂಡರೆ ಗುರುವಿನ ಹತ್ತಿರವೋ ತಿಳಿದ ಜೊತೆಗಾರರ ಹತ್ತಿರವೋ ಬಿಚ್ಚಿ ಹೇಳು, ಮುಂದೆ ಎಚ್ಚರವಾಗಿರು. ಅವಳು ಈಗಲೇ ಹೋಗಿ ಡಾಕ್ಟರಿಗೆ ಹೇಳಬೇಕು, ಇನ್ಸಿಡೆಂಟ್ ರಿಪೋರ್ಟ್ ಬರೆಯಬೇಕು. ನಾಚಿಕೆ, ಮೆಮೊ, ಅದೆಲ್ಲ ಆಮೇಲೆ. ರೋಗಿಯನ್ನು ಇನ್ನೊಂದು ದಿನ ಅಬ್ಸರ್ವೇಷನ್‌ನಲ್ಲಿ ಇಡಬೇಕಾಗಬಹುದು. ಒಬ್ಬಳೇ ಹೋಗಲು ಹೆದರಿದರೆ ಜೊತೆಗೆ ನೀನು ಹೋಗು.

ಅಶೋಕನ ಮಾತು ಬಂತಲ್ಲ. ನೀನಿರುವ ಜಿಲ್ಲೆಯಲ್ಲೇ, ಚಿತ್ತಾಪುರ ತಾಲ್ಲೂಕಿನಲ್ಲಿ ಭೀಮಾ ನದಿಯ ದಂಡೆಗೆ ಸನ್ನತಿ ಇದೆ. ಅಲ್ಲಿಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ 1986ರಲ್ಲಿ ಕಾಳಿಯ ಗುಡಿಯ ಮಾಳಿಗೆ ಕುಸಿದು ವಿಗ್ರಹ ಒಡೆದಾಗ, ಅದರ ಪೀಠಕ್ಕೆ ಹಾಕಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಕಂಡಿತು. ಒಡಿಶಾದ ಧೌಲಿ ಮತ್ತು ಜೌಗಡದಲ್ಲಿ ಇರುವ ವಿಶೇಷ ಶಾಸನಗಳೇ ಇಲ್ಲಿಯೂ ಇವೆ. ಎಲ್ಲ ಮನುಷ್ಯರೂ ತನ್ನ ಮಕ್ಕಳು ಎಂದು ಅವನು ಹೇಳಿಕೊಂಡಿರುವುದು ಇವುಗಳಲ್ಲಿ. ಆ ಮಾತು ನ್ಯಾಯ ನೋಡುವ ಅಧಿಕಾರಿಗಳಿಗೆ ಬರೆದದ್ದು. ಯಾರನ್ನೂ ವಿನಾಕಾರಣ ಸೆರೆಯಲ್ಲಿಟ್ಟು ಹಿಂಸಿಸಬಾರದು ಎನ್ನುವ ಕಾಳಜಿ ಅವನದು. ಹೊಟ್ಟೆಕಿಚ್ಚು, ಸಿಟ್ಟು, ಕ್ರೌರ್ಯ, ಆತುರ, ಅಭ್ಯಾಸದ ಕೊರತೆ, ಸೋಮಾರಿತನ, ದಣಿವು, ಇವು ಇದ್ದರೆ ಸರಿಯಾಗಿ ಕೆಲಸ ಮಾಡಲಾಗುವುದಿಲ್ಲ, ಇವು ತಮ್ಮ ಹತ್ತಿರ ಬಾರದಂತೆ ನೋಡಿಕೊಳ್ಳಬೇಕು ಎಂದು ಎಚ್ಚರಿಸುತ್ತಾನೆ. ಸಿಟ್ಟಾಗದಿರುವುದು, ಆತುರಪಡದಿರುವುದು, ಇವೆರಡೇ ಎಲ್ಲಕ್ಕೂ ಬೇರು ಎನ್ನುತ್ತಾನೆ. ಕ್ರೌರ್ಯದ ಜೊತೆಗೆ ದಣಿವನ್ನೂ ಅದೇ ಸಾಲಿನಲ್ಲಿ ಹಾಕಿದ್ದಾನೆ, ನೋಡು. ದಣಿದವರ ಕೈಯಲ್ಲಿ ಸಿಕ್ಕವರಿಗೂ ನೋವೇ ಎಂದು ಆ ರಾಜನಿಗೆ ಗೊತ್ತಿತ್ತು. ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿದ್ದೇನೆ, ಔಷಧದ ಗಿಡಗಳಿಲ್ಲದ ಕಡೆ ತರಿಸಿ ನೆಡಿಸಿದ್ದೇನೆ ಎಂದು ಬೇರೆ ಶಾಸನದಲ್ಲಿ ಹೇಳಿಕೊಂಡವನೂ ಅವನೇ. ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ ಅವನ ಶಿಲ್ಪ ಸಿಕ್ಕಿದೆ, ಬ್ರಾಹ್ಮಿಯಲ್ಲಿ ಹೆಸರೂ ಇದೆ.

ಇಷ್ಟು ಹೇಳಿದೆ ಎಂದು ಎಲ್ಲವನ್ನೂ ನಾಳೆಯೇ ಮಾಡಲು ಹೋಗಬೇಡ. ಕೈ ತೊಳೆಯುವಾಗಿನ ಆ ಒಂದು ನಿಮಿಷ, ರೋಗಿಯನ್ನು ಹೆಸರು ಹಿಡಿದು ಕರೆಯುವುದು, ನಿನ್ನ ನಿದ್ದೆ, ಈ ಮೂರರಿಂದ ಶುರುಮಾಡು. ಗೆಳತಿಯ ಕೆಲಸ ಮಾತ್ರ ಇವತ್ತೇ ಆಗಬೇಕು. ಈ ವಾರದ ಡಬಲ್ ಡ್ಯೂಟಿ ಬೇಡ ಎಂದು ಬರೆದುಕೊಟ್ಟೆಯಾ, ಅವರು ಏನೆಂದರು ಎಂದು ನನಗೆ ತಿಳಿಸು. ಮುಂದಿನ ತಿಂಗಳ ಡ್ಯೂಟಿ ಪಟ್ಟಿ ಬಂದ ಮೇಲೆ ನಿನ್ನ ವೀಕ್ಲಿ ಆಫ್ ಯಾವ ದಿನ ಎಂದು ಹೇಳಿದರೆ ಆ ಹೊತ್ತಿಗೆ ರೈಲಿಗೆ ಟಿಕೆಟ್ ಮಾಡಿಸುತ್ತೇನೆ. ಸನ್ನತಿಗೆ ಇಬ್ಬರೂ ಹೋಗಿ ಬರೋಣ.

ಇತಿ,
ನಿನ್ನ ದೊಡ್ಡಮ್ಮ